ಬನ್ನಣ್ಣ ಯಾಕೆ ತಟ್ಟಲಿಲ್ಲ?

ಕೆಲಸ ಮುಗಿಸಿ ಬಸ್ಸಿಗೆ ಕಾಯುತ್ತ ನಿಂತ ಹೆಂಗಸಿನ ಕೈಚೀಲ ಕಿತ್ತುಕೊಂಡು ಓಡುವವರು ಯಾವ ಊರಲ್ಲಿಲ್ಲ ಹೇಳಿ? ಬನ್ನಣ್ಣನ ಹೆಂಡತಿಗೂ ಒಂದು ಸಂಜೆ ಹಾಗೇ ಆಯಿತು. ಅವಳು ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಫ್ರೇಮಿಗೆ ಕೂರಿಸುವ ಕೆಲಸದವಳು. ಹಿಂದಿನಿಂದ ಬಂದ ದೊಡ್ಡ ಆಳೊಬ್ಬ ಚೀಲದ ಪಟ್ಟಿ ಹಿಡಿದು ಎಳೆದ. ಪಟ್ಟಿ ತೋಳಿಗೆ ಸಿಕ್ಕಿಕೊಂಡಿತ್ತು. ಚೀಲದ ಜೊತೆ ಅವಳೂ ಡಾಂಬರಿನ ಮೇಲೆ ಅಷ್ಟು ದೂರ ಉಜ್ಜಿಕೊಂಡು ಹೋದಳು. ಕೊನೆಗೆ ಚೀಲವೂ ಹೋಯಿತು, ಅಂಗೈ ಮೊಣಕಾಲಿನ ಚರ್ಮವೂ ಹೋಯಿತು.

ಗಾಯ ಮಾಯಿತು. ಆದರೆ ಒಂದು ಯೋಚನೆ ಅವಳನ್ನು ಬಿಡಲಿಲ್ಲ.

"ಬಿದ್ದಾಗ ಏನು ಮಾಡ್ಬೇಕು ಅಂತಾನೇ ಗೊತ್ತಾಗ್ಲಿಲ್ಲ ರೀ. ಕೈಕಾಲು ಎಲ್ಲಾ ಇತ್ತು. ಯಾವುದೂ ನನ್ನ ಮಾತು ಕೇಳ್ಲಿಲ್ಲ" ಎಂದಳು ಗಂಡನ ಹತ್ತಿರ.

ಗಂಡನಿಗೆ ಬೇಕರಿ. ಬೀದಿಯವರು ಅವನನ್ನು ಬನ್ನಣ್ಣ ಅಂತಲೇ ಕರೆಯುತ್ತಿದ್ದರು. ಅವನ ತಾಯಿ ಕೌಂಟರಿನಲ್ಲಿ ಕೂರುತ್ತಿದ್ದಳು. ಟೈರ್ ಅಂಗಡಿಯ ಮೇಲಿನ ಹಾಲಿನಲ್ಲಿ ಜೂಡೋ ಹೇಳಿಕೊಡುತ್ತಾರೆ, ನಾನು ಸೇರುತ್ತೇನೆ ಎಂದು ಹೆಂಡತಿ ಹೇಳಿದಾಗ ಬನ್ನಣ್ಣ ಟ್ರೇ ಒರೆಸುತ್ತಲೇ "ಸೇರ್ಕೋ, ಒಳ್ಳೇದೇ" ಎಂದ. ಆಮೇಲೆ ಒರೆಸುವ ಕೈ ನಿಂತಿತು.

"ಅಲ್ಲಿ ಗಂಡಸರೂ ಇರ್ತಾರಾ?"

"ಗಂಡಸರೇ ಜಾಸ್ತಿ. ಹೆಂಗಸರು ನನ್ನೂ ಸೇರಿಸಿದ್ರೆ ಮೂರು ಜನ."

"ಹಾಗಾದ್ರೆ ನಾನೂ ಬರ್ತೀನಿ."

"ಕಲಿಯೋಕೋ, ಕಾಯೋಕೋ?"

ಬನ್ನಣ್ಣ ಮತ್ತೆ ಟ್ರೇ ಒರೆಸತೊಡಗಿದ.

ಹಾಲಿನಲ್ಲಿ ರಬ್ಬರಿನ ವಾಸನೆ. ನೆಲಕ್ಕೆ ಹಸಿರು ಮೆತ್ತೆ. ಗೋಡೆಗೆ ಒತ್ತಿ ಒಂದು ಬೆಂಚು. ಮನೆಯವರು ಯಾರು ಯಾವಾಗ ಬೇಕಾದರೂ ಬಂದು ಅಲ್ಲಿ ಕೂತು ನೋಡಬಹುದು. ಪಾಠ ನಡೆಯುವಾಗ ಬಾಗಿಲು ಮುಚ್ಚುವ ಹಾಗಿಲ್ಲ. ಮೇಷ್ಟ್ರಿಗೆ ವಯಸ್ಸಾಗಿತ್ತು. ಎಷ್ಟೋ ವರ್ಷ ಮೆತ್ತೆಗೆ ಉಜ್ಜಿ ಉಜ್ಜಿ ಅವರ ಎರಡೂ ಕಿವಿ ನಾದಿದ ಹಿಟ್ಟಿನ ಉಂಡೆಯಂತಾಗಿದ್ದವು.

"ಇಲ್ಲಿ ಮೊದಲ ಪಾಠ ಹಿಡಿಯೋದಲ್ಲ, ಬಿಡೋದು" ಎಂದರು ಅವರು. "ಜೊತೆಯವರು ಎರಡು ಸಲ ತಟ್ಟಿದ್ರೋ, ಆ ಕ್ಷಣ ಬಿಟ್ಬಿಡ್ಬೇಕು. ನೆಲಕ್ಕೆ ತಟ್ಟಲಿ, ನಿಮ್ಮ ಮೈಗೆ ತಟ್ಟಲಿ, ಬಾಯಲ್ಲಿ ಸಾಕು ಅನ್ಲಿ. ಯಾಕೆ ಅಂತ ಕೇಳೋ ಹಾಗಿಲ್ಲ."

ಆಮೇಲೆ ಜೋಡಿ ಮಾಡಿದರು. ಹೆಂಡತಿಗೆ ಒಬ್ಬ ಸಣಕಲು ಎಲೆಕ್ಟ್ರಿಷಿಯನ್ ಜೋಡಿ. ಬನ್ನಣ್ಣನಿಗೆ ಬಸ್ ಓಡಿಸುವ ಡ್ರೈವರಕ್ಕ. ಅವಳು ಅಲ್ಲಿ ಬಹಳ ವರ್ಷಗಳಿಂದ ಕಲಿಯುತ್ತಿದ್ದವಳು.

ಬನ್ನಣ್ಣನಿಗೆ ಬೆವರು ಬಂತು. "ಮೇಷ್ಟ್ರೇ, ನಂಗೆ ಯಾರಾದ್ರೂ ಗಂಡಸರು..."

"ನಿಮ್ಮಿಬ್ಬರ ತೂಕ ಹೊಂದತ್ತೆ. ಅವಳಿಗೆ ಕೆಲಸ ಗೊತ್ತು. ಬೇಡ ಅನ್ಸಿದ್ರೆ ಹೇಳು, ಬದಲಾಯಿಸ್ತೀನಿ. ಇಲ್ಲಿ ಬಲವಂತ ಯಾರಿಗೂ ಇಲ್ಲ."

ಎಲ್ಲರೂ ನೋಡುತ್ತಿದ್ದರು. ಬೇಡ ಎಂದರೆ ಹೆದರಿದ ಎನ್ನುತ್ತಾರೆ. ಹೂಂ ಎಂದರೆ ಏನೆನ್ನುತ್ತಾರೋ. "ಪರವಾಗಿಲ್ಲ" ಎಂದುಬಿಟ್ಟ. ಪರವಾಗಿಲ್ಲ ಅಂತ ಅವನಿಗೆ ಅನ್ನಿಸಿರಲೇ ಇಲ್ಲ.

ಜಾಕೆಟಿನ ಕಾಲರ್ ಹಿಡಿಯಬೇಕು. ಕಾಲರ್ ಇರುವುದು ಎದೆಯ ಮೇಲೆ. ಬನ್ನಣ್ಣ ಬಿಸಿ ಟ್ರೇ ಮುಟ್ಟುವವನಂತೆ ಎರಡೇ ಬೆರಳಲ್ಲಿ ತೋಳಿನ ತುದಿ ಹಿಡಿದುಕೊಂಡ. ಡ್ರೈವರಕ್ಕ ಬೀಳಿಸಲು ಇನ್ನೂ ಅಡ್ಡಗಾಲು ಕೊಟ್ಟಿರಲಿಲ್ಲ, ಅಷ್ಟರಲ್ಲಿ ತಾನೇ ಮರ್ಯಾದೆಯಿಂದ ಮಲಗಿಕೊಂಡ.

"ಬನ್ನಣ್ಣ, ಸರಿಯಾಗಿ ಹಿಡ್ಕೊಳ್ಳಿ. ನಾನೇನು ಕೇಕಲ್ಲ" ಎಂದಳು ಅವಳು.

ಅವನ ಗಮನ ಅಲ್ಲಿದ್ದರೆ ತಾನೆ? ಅವಳ ಭುಜದ ಮೇಲಿಂದ ಎಲೆಕ್ಟ್ರಿಷಿಯನ್ನನ್ನೇ ಕಣ್ಣು ಕೆಕ್ಕರಿಸಿ ನೋಡುತ್ತಿದ್ದ. ಆ ಹುಡುಗ ಹೆಂಡತಿಯ ತೋಳು ಹಿಡಿದರೆ ಇವನು ತನ್ನ ಪಾಠ ಮರೆತು ಆ ಕಡೆ ಕತ್ತು ಚಾಚುತ್ತಿದ್ದ. ತಾನೂ ಇನ್ನೊಬ್ಬ ಹೆಂಗಸಿನ ತೋಳು ಹಿಡಿದು ನಿಂತಿದ್ದೇನಲ್ಲ ಎಂದು ನೆನಪಾದರೆ ಇನ್ನಷ್ಟು ಗೊಂದಲ. ತಪ್ಪು ಯಾರದು, ತಪ್ಪು ಇದೆಯೋ ಇಲ್ಲವೋ, ತಲೆಬುಡ ತಿಳಿಯದು. ಹಾಗೇ ವಾರಗಳು ಹೋದವು.

ಒಂದು ಸಂಜೆ ಮೇಷ್ಟ್ರು ತೋಳಿನ ಪಟ್ಟು ಹೇಳಿಕೊಟ್ಟರು. ಕೆಳಗೆ ಮಲಗಿದವರ ತೋಳನ್ನು ತೊಡೆಗಳ ನಡುವೆ ಸಿಕ್ಕಿಸಿ, ಮಣಿಕಟ್ಟನ್ನು ಎದೆಗೆ ಒತ್ತಿ ಹಿಡಿದು, ಸೊಂಟವನ್ನು ನಿಧಾನವಾಗಿ ಎತ್ತಬೇಕು. ಮೊಣಕೈ ಹಿಂದಕ್ಕೆ ಬಾಗಲು ಶುರುವಾದ ಕೂಡಲೇ ಕೆಳಗಿನವರು ತಟ್ಟಬೇಕು.

ಡ್ರೈವರಕ್ಕ ಪಟ್ಟು ಹಾಕಿದಳು. ಬನ್ನಣ್ಣನ ಕಿವಿ ಕೆಂಪಾಯಿತು. ಎಲ್ಲಿ ನೋಡಬೇಕೋ ತಿಳಿಯದೆ ಫ್ಯಾನ್ ನೋಡಿದ. ಕೈ ಎಲ್ಲಿದೆ ಎಂದು ನೆನೆಯಲೇಬಾರದು ಅಂದುಕೊಂಡ. ಅವಳು ಮೆಲ್ಲಗೆ ಸೊಂಟ ಎತ್ತಿದಳು. ನೋವಾಯಿತು. ತಟ್ಟಬೇಕು ಅನ್ನಿಸಿತು. ಆದರೆ ಬೆಂಚಿನ ಮೇಲೆ ಟೈರ್ ಅಂಗಡಿಯವನು ಕೂತು ನೋಡುತ್ತಿದ್ದ. ಮೂಟೆ ಎತ್ತುವ ಗಂಡಸು ಹೆಂಗಸಿನ ಕೈಯಲ್ಲಿ ಸಾಕು ಎಂದ ಅನ್ನಿಸಿಕೊಳ್ಳುವುದೇ?

"ತಟ್ಟಿ ಬನ್ನಣ್ಣ" ಎಂದಳು ಡ್ರೈವರಕ್ಕ.

"ಏನೂ ಆಗಿಲ್ಲ."

"ಬಿಡ್ಲಾ?"

"ಬೇಡ ಬೇಡ, ಮಾಡಿ ಮೇಡಂ."

ಅವಳು ಒಂದು ಗಳಿಗೆ ತಡೆದಳು. ಆಮೇಲೆ ಇನ್ನೊಂದು ಬೆರಳಿನಷ್ಟು ಎತ್ತಿದಳು. ಮೊಣಕೈಯಲ್ಲಿ ಕಟ್ ಎಂದು ಸದ್ದಾಯಿತು.

ಮೂಳೆ ಮುರಿದಿರಲಿಲ್ಲ, ಸಂದು ಉಳುಕಿತ್ತು. ವೈದ್ಯರು ಕೈಯನ್ನು ಕುತ್ತಿಗೆಗೆ ನೇತುಹಾಕಿ, ವಾಸಿಯಾಗುವ ತನಕ ಹಿಟ್ಟು ಮುಟ್ಟಕೂಡದು ಎಂದರು. ಹಿಟ್ಟು ಮುಟ್ಟದ ಬೇಕರಿಯವನು ಮತ್ತೇನು ಮುಟ್ಟಬೇಕು? ಮನೆಗೆ ಬಂದು ತಾಯಿಗೆ "ಮೈದಾ ಮೂಟೆ ಜಾರ್ತಮ್ಮ" ಎಂದ. ಹೆಂಡತಿ ಬಾಯಿ ತೆರೆಯುವಷ್ಟರಲ್ಲಿ ಅವಳ ಕಡೆ ದೈನ್ಯದಿಂದ ನೋಡಿದ. ಅವಳು ಸುಮ್ಮನಾದಳು.

ಮರುದಿನದಿಂದ ಅತ್ತೆ ಸೊಸೆ ಹಿಟ್ಟು ನಾದಿದರು. ಬ್ರೆಡ್ಡು ಇಟ್ಟಿಗೆಯಾಯಿತು. ಗಿರಾಕಿಗಳು ಒತ್ತಿ ನೋಡಿ ಹಾಗೇ ಇಟ್ಟು ಹೋದರು. ಹಾಗಿರುವಾಗ ಟೈರ್ ಅಂಗಡಿಯವನು ಬನ್ನು ಕೊಳ್ಳಲು ಬಂದವನು ಹಲ್ಲು ಕಿರಿದ.

"ಏನಮ್ಮಾ, ಡ್ರೈವರಕ್ಕ ನಿಮ್ಮ ಮಗನ ಕೈ ಉಳುಕಿಸಿಬಿಟ್ಲಲ್ಲ! ಹೇಗಿದಾನೆ ಈಗ?"

ಅವನು ಹೋದ ಮೇಲೆ ತಾಯಿ ಕೌಂಟರಿನಿಂದ ಎದ್ದು ಒಳಗೆ ಬಂದಳು.

"ಏನೋ, ಆ ಮೈದಾ ಮೂಟೆಗೆ ಬಸ್ ಓಡ್ಸೋಕೆ ಬರತ್ತೇನೋ?"

ಬನ್ನಣ್ಣ ನಾಲಿಗೆ ಕಚ್ಚಿಕೊಂಡ.

"ಯಾವ ಹೆಂಗಸೋ ಅದು? ಅವಳ ಕೈಗೆ ನಿನ್ನ ಕೈ ಯಾಕೆ ಹೋಯ್ತು? ಇವಳು ನಿನ್ನ ಜೊತೇಲೇ ಇದ್ಲಾ? ನೋಡ್ತಾ ನಿಂತಿದ್ಲಾ?"

"ನಾನು ಆ ಕಡೆ ಇದ್ದೆ ಅತ್ತೆ, ಎಲೆಕ್ಟ್ರಿಷಿಯನ್ ಹುಡುಗನ ಜೊತೆ" ಎಂದಳು ಸೊಸೆ.

ತಾಯಿ ಹಣೆ ಹಿಡಿದು ಮೂಟೆಯ ಮೇಲೆ ಕೂತಳು. "ನನಗೊಂದೂ ಅರ್ಥ ಆಗ್ತಿಲ್ಲ. ಇವನು ಯಾರದೋ ಜೊತೆ, ಇವಳು ಯಾರದೋ ಜೊತೆ, ಒಂದೇ ಕೋಣೇಲಿ. ಇದಕ್ಕೆ ಪಾಠ ಅಂತಾರಾ?"

ಸಿಕ್ಕಿದ್ದೇ ಸಾಕೆಂದು ಬನ್ನಣ್ಣ "ಅದಕ್ಕೇ ಅಮ್ಮ, ಇನ್ನು ಯಾರೂ ಅಲ್ಲಿಗೆ ಹೋಗೋದು ಬೇಡ" ಎಂದ.

"ಕೈ ಉಳುಕಿದ್ದು ನಿಮ್ಮದು. ನಾನ್ಯಾಕೆ ಬಿಡ್ಲಿ?" ಎಂದಳು ಹೆಂಡತಿ.

"ನಿಂಗೇನು, ಆ ಹುಡುಗನ ಜೊತೆ..." ಬನ್ನಣ್ಣ ಅಷ್ಟಕ್ಕೇ ನಿಲ್ಲಿಸಿದ. ನಿಲ್ಲಿಸಿದ್ದು ತಡವಾಯಿತು.

ಹೆಂಡತಿ ಹಿಟ್ಟಿನ ಕೈ ಕೊಡವಿಕೊಂಡಳು. "ಆ ಹುಡುಗನ ಜೊತೆ ಏನು? ಹೇಳ್ತೀನಿ ಕೇಳಿ. ಅವನು ನನ್ನ ಮುಟ್ಟೋಕೇ ಹೆದರ್ತಾನೆ. ನೀವು ಆ ಕಡೆಯಿಂದ ತಿನ್ನೋ ಹಾಗೆ ನೋಡ್ತೀರಲ್ಲ, ಅದಕ್ಕೆ. ನಾನು ಮುಟ್ಟಿದ್ರೆ ಸಾಕು, ಬೀಳ್ತಾನೆ. ಇಷ್ಟು ವಾರ ನಾನು ಗಾಳಿ ಜೊತೆ ಕುಸ್ತಿ ಆಡಿದೀನಿ. ನಾಳೆ ರಸ್ತೇಲಿ ಯಾರಾದ್ರೂ ಎಳೆದ್ರೆ ಅವನೂ ಹೀಗೇ ಮರ್ಯಾದೆಯಿಂದ ಮಲಗ್ತಾನಾ?"

ಬನ್ನಣ್ಣ ಕುತ್ತಿಗೆಗೆ ನೇತುಹಾಕಿದ ಪಟ್ಟಿ ಸರಿಮಾಡಿಕೊಂಡ.

"ಇನ್ನೂ ಒಂದಿದೆ. ಹೇಳಿರ್ಲಿಲ್ಲ." ಅವಳ ದನಿ ಇಳಿಯಿತು. "ಓವನ್ ರಿಪೇರಿ ಅಂತ ನೀವು ಬರದೇ ಇದ್ದ ವಾರ, ನನಗೆ ಒಬ್ಬ ಗಡ್ಡದವನ ಜೊತೆ ಜೋಡಿ ಆಯ್ತು. ನಾನು ತಟ್ಟಿದೆ, ಅವನು ಬಿಡ್ಲಿಲ್ಲ. ನಕ್ಕ. ಇನ್ನೊಂದು ಸಲ ಅವನ ಕೈ ಎಲ್ಲಿರಬಾರ್ದೋ ಅಲ್ಲಿ ಬಂತು. ಪಾಠ ಅಂದ್ರೆ ಹೀಗೇನಾ, ಕೈ ಜಾರಿತಾ, ಬೇಕಂತ ಮಾಡಿದ್ನಾ, ನಂಗೇ ಗೊತ್ತಾಗ್ಲಿಲ್ಲ. ಮಾರನೇ ದಿನ ಇಡೀ ಅದೇ ತಲೇಲಿತ್ತು. ಅಂಗಡೀಲಿ ಎರಡು ಗಾಜು ಒಡೆದೆ."

ತಾಯಿ ಹಣೆಯಿಂದ ಕೈ ತೆಗೆದಳು. ಬನ್ನಣ್ಣ ಎದ್ದು ನಿಂತ. "ಯಾರವನು? ನಂಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀವು ಅವನಿಗೆ ಹೊಡೀತಿದ್ರಿ, ನನ್ನ ಮನೇಲಿ ಕೂರಿಸ್ತಿದ್ರಿ. ಎರಡೂ ನಂಗೆ ಬೇಕಿರ್ಲಿಲ್ಲ. ನಾನು ಡ್ರೈವರಕ್ಕನಿಗೆ ಹೇಳಿದೆ. ಅಕ್ಕಾ, ಇದು ತಪ್ಪೋ ಸರೀನೋ ತಿಳೀತಿಲ್ಲ ಅಂದೆ. ತಿಳೀದೇ ಇದ್ರೂ ಹೇಳ್ಬಹುದು, ಬಾ ಅಂತ ಮೇಷ್ಟ್ರ ಹತ್ರ ಕರ್ಕೊಂಡು ಹೋದ್ಲು. ಮೇಷ್ಟ್ರು ಅವನನ್ನೂ ಕೇಳಿದ್ರು, ಬೇರೆಯವರನ್ನೂ ಕೇಳಿದ್ರು. ಇನ್ನೊಬ್ಬಳಿಗೂ ಅವನು ಹಾಗೇ ಮಾಡಿದ್ನಂತೆ. ಅವತ್ತೇ ಅವನನ್ನ ಕಳಿಸಿಬಿಟ್ರು."

ಬನ್ನಣ್ಣ ಮತ್ತೆ ಕೂತ. ಕಾವಲಿಗೆಂದು ಹೋದವನು ತಾನು. ಕಾಯಬೇಕಾದ ಗಳಿಗೆಯಲ್ಲಿ ತಾನಿರಲಿಲ್ಲ. ಪಾಪದ ಎಲೆಕ್ಟ್ರಿಷಿಯನ್ನನ್ನು ಹೆದರಿಸುತ್ತ ಕೂತಿದ್ದ. ಹೆಂಡತಿಯ ಪಕ್ಕ ನಿಂತವಳು, ತಾನು ಇಷ್ಟು ದಿನ ಮನಸ್ಸಿನಲ್ಲೇ ಬೈಯುತ್ತಿದ್ದ ಡ್ರೈವರಕ್ಕ. ಯಾರ ಮೇಲೆ ಸಿಟ್ಟು ಮಾಡಿಕೊಳ್ಳಬೇಕು ಎಂದೇ ಅವನಿಗೆ ತಿಳಿಯಲಿಲ್ಲ.

ಡ್ರೈವರಕ್ಕ ಒಂದು ಮಧ್ಯಾಹ್ನ ತಾನಾಗೇ ಬೇಕರಿಗೆ ಬಂದಳು. ಡ್ಯೂಟಿಯ ಬಟ್ಟೆಯಲ್ಲೇ ಇದ್ದಳು.

"ಬನ್ನಾ, ಬ್ರೆಡ್ಡಾ?" ಕೇಳಿದಳು ತಾಯಿ.

"ಎರಡೂ ಅಲ್ಲಮ್ಮಾ. ನಿಮ್ಮ ಮಗನ ಕೈ ನೋಯಿಸಿದವಳು ನಾನೇ. ನೋಡ್ಕೊಂಡು ಹೋಗೋಣ ಅಂತ."

ತಾಯಿ ಅವಳನ್ನು ಮೇಲಿಂದ ಕೆಳಗೆ ನೋಡಿದಳು. ಬೈಯಲು ಮಾತು ಸಿದ್ಧ ಮಾಡಿಟ್ಟಿದ್ದಳು. ಎದುರಿಗೆ ನಿಂತವಳ ಮುಖ ಬಾಡಿಹೋಗಿತ್ತು. ಸ್ಟೂಲು ತಳ್ಳಿ, "ಕೂತ್ಕೋ. ನಾನು ಕೇಳಿದ್ದಕ್ಕೆಲ್ಲ ಹೇಳ್ಬೇಕು" ಎಂದಳು.

"ಕೇಳಿ ಅಮ್ಮಾ."

"ಇವನಿಗೆ ನೋವಾಗ್ತಿದೆ ಅಂತ ನಿನಗೆ ಗೊತ್ತಾಗ್ಲಿಲ್ವಾ?"

"ಗೊತ್ತಾಯ್ತು. ಅಲ್ಲೇ ಬಿಡ್ಬೇಕಿತ್ತು. ಬಿಟ್ರೆ, ಹೆಂಗಸು ಕರುಣೆ ತೋರಿಸಿದ್ಲು ಅಂತ ಇವರಿಗೆ ಅವಮಾನ ಆಗತ್ತೇನೋ ಅಂದುಕೊಂಡೆ. ಮೇಷ್ಟ್ರು ನನಗೂ ಬೈದ್ರು. ಎದುರಿನವರು ತಟ್ಟದೇ ಇದ್ರೂ ಅನುಮಾನ ಬಂದ ಕೂಡ್ಲೇ ನೀನೇ ಬಿಡ್ಬೇಕು, ಇದು ಅಭ್ಯಾಸ, ಪಂದ್ಯ ಅಲ್ಲ ಅಂದ್ರು."

"ನೀನ್ಯಾಕೋ ಸಾಕು ಅನ್ಲಿಲ್ಲ?" ತಾಯಿ ಮಗನ ಕಡೆ ತಿರುಗಿದಳು.

"ಮೇಡಂ ಎದುರಿಗೆ ಹೇಗಮ್ಮ..."

"ಚೆನ್ನಾಗಿದೆ! ಒಬ್ಬರಿಗೊಬ್ಬರು ಮರ್ಯಾದೆ ಕೊಡ್ತಾ ಕೊಡ್ತಾ ಕೈ ಉಳುಕಿಸಿಕೊಂಡ್ರಿ. ಅದಕ್ಕೆ ನಾನು ಹಿಟ್ಟು ನಾದ್ಬೇಕು."

ಡ್ರೈವರಕ್ಕನಿಗೆ ನಗು ಬಂತು. ತಡೆದುಕೊಂಡಳು. "ಒಂದು ಕೇಳ್ಲಾ ಬನ್ನಣ್ಣ? ನನ್ನ ಜಾಗದಲ್ಲಿ ಗಂಡಸಿದ್ದಿದ್ರೆ ತಟ್ತಿದ್ರಾ?"

ಬನ್ನಣ್ಣ ಯೋಚಿಸಿದ. "ತಟ್ತಿದ್ದೆ ಅನ್ಸತ್ತೆ."

"ಅದೇ ನೋಡಿ. ತಟ್ಟೋದು ಸೋಲಲ್ಲ, ಇವತ್ತಿಗೆ ಸಾಕು ಅನ್ನೋ ಮಾತು ಅಷ್ಟೆ. ಅದನ್ನ ಗಂಡಸಿಗೊಂದು ಹೆಂಗಸಿಗೊಂದು ಮಾಡಿದ್ರೆ ಇಬ್ಬರಿಗೂ ಏಟಾಗತ್ತೆ."

ತಾಯಿಗೆ ಇನ್ನೂ ಸಮಾಧಾನವಿಲ್ಲ. "ಇಷ್ಟೆಲ್ಲಾ ಕಷ್ಟ ಯಾಕೆ? ಹೆಂಗಸರು ಹೆಂಗಸರ ಜೊತೆ ಕಲಿತ್ರೆ ಆಯ್ತಪ್ಪ."

"ಹಾಗೇ ಬೇಕು ಅನ್ನೋರು ಹಾಗೇ ಕಲೀಬಹುದು ಅಮ್ಮಾ. ಅದರಲ್ಲಿ ಏನೂ ತಪ್ಪಿಲ್ಲ. ಆದ್ರೆ ನಮ್ಮಲ್ಲಿರೋದು ಮೂರೇ ಜನ ಹೆಂಗಸರು. ಇಬ್ಬರು ಜೋಡಿಯಾದ್ರೆ ಮೂರನೆಯವಳು ಗೋಡೆ ನೋಡ್ಕೊಂಡು ಕೂರ್ಬೇಕು. ಅಲ್ಲದೆ, ನಿಮ್ಮ ಸೊಸೆಯನ್ನ ಎಳೆದವನು ದೊಡ್ಡ ಆಳು. ದೊಡ್ಡ ಮೈ ಮೇಲೆ ಬಿದ್ರೆ ಎಷ್ಟು ಭಾರ, ಅದರಡಿಯಿಂದ ಹೊರಗೆ ಬರೋದು ಹೇಗೆ ಅಂತ ನಿಜವಾಗಿ ಗೊತ್ತಾಗ್ಬೇಕಲ್ಲ? ಅದಕ್ಕೆ ಬಲ ತೋರಿಸೋಕೆ ಬರೋ ಗಂಡಸೂ ಬೇಡ, ಗಾಜಿನ ಲೋಟದ ಹಾಗೆ ಹಿಡಿಯೋ ಗಂಡಸೂ ಬೇಡ. ಕೇಳಿ ಹಿಡಿಯೋನು, ತಟ್ಟಿದ್ರೆ ಬಿಡೋನು ಬೇಕು."

"ಕೇಳಿ ಹಿಡಿಯೋದು ಅಂದ್ರೆ?"

"ಶುರು ಮಾಡೋಕೆ ಮುಂಚೆ ಕೇಳ್ಬೇಕು. ಎಲ್ಲಾದ್ರೂ ನೋವಿದೆಯಾ? ಯಾವ ಪಟ್ಟು ಬೇಡ? ಬೇಡ ಅಂದಿದ್ದು ಬೇಡವೇ. ಬಂದು ನೋಡಿ ಅಮ್ಮಾ. ಬೆಂಚಿರೋದೇ ಅದಕ್ಕೆ."

ತಾಯಿ ಒಂದು ಸಂಜೆ ಹಾಲಿಗೆ ಹೋದಳು. ಕೈ ನೇತುಹಾಕಿಕೊಂಡ ಮಗನನ್ನೂ ಪಕ್ಕದಲ್ಲಿ ಕೂರಿಸಿಕೊಂಡಳು. ಬನ್ನಣ್ಣ ಕೂತಲ್ಲಿಂದ ಎದ್ದು ಎಲೆಕ್ಟ್ರಿಷಿಯನ್ ಹತ್ತಿರ ಹೋಗಿ, ಗಂಟಲು ಸರಿಮಾಡಿಕೊಂಡು, "ತಮ್ಮಾ, ನಾನು ಏನೂ ಅಂದ್ಕೊಳ್ಳಲ್ಲ. ನೀನು ಗಟ್ಟಿಯಾಗೇ ಹಿಡಿ" ಎಂದ. ಹುಡುಗ ಇದು ನಿಜವೋ ಪರೀಕ್ಷೆಯೋ ತಿಳಿಯದೆ ಪಿಳಿಪಿಳಿ ನೋಡಿದ.

"ಇವರ ಅಪ್ಪಣೆ ಯಾಕಪ್ಪ? ಹಿಡಿಸಿಕೊಳ್ಳೋಳು ನಾನು. ನನ್ನ ಕೇಳು" ಎಂದಳು ಬನ್ನಣ್ಣನ ಹೆಂಡತಿ.

ಹುಡುಗ ಅವಳ ಕಡೆ ತಿರುಗಿದ. "ಅಕ್ಕಾ, ಪೂರ್ತಿ ಭಾರ ಹಾಕ್ಲಾ?"

"ಹಾಕು. ಜಾಸ್ತಿ ಆದ್ರೆ ತಟ್ತೀನಿ."

ಹುಡುಗ ಮೊದಲ ಸಲ ಸರಿಯಾಗಿ ಅವಳನ್ನು ನೆಲಕ್ಕೆ ಒತ್ತಿ ಹಿಡಿದ. ಅವಳು ಒದ್ದಾಡಿದಳು. ಆಗಲಿಲ್ಲ, ತಟ್ಟಿದಳು. ಹುಡುಗ ತಕ್ಷಣ ಬಿಟ್ಟು ಹಿಂದೆ ಸರಿದು ಕೂತ. ಮತ್ತೊಮ್ಮೆ ಮಾಡಿದರು. ಮತ್ತೆ ತಟ್ಟಿದಳು, ಮತ್ತೆ ಬಿಟ್ಟ. ಬೆಂಚಿನ ಮೇಲೆ ಬನ್ನಣ್ಣ ಒಂದು ಸಲ ನೋಡಿದ, ಒಂದು ಸಲ ಕಿಟಕಿಯ ಕಡೆ ತಿರುಗಿದ, ತಡೆಯಲಾರದೆ ಮತ್ತೆ ನೋಡಿದ. ಆಮೇಲೊಂದು ಸಲ ಅವಳು ಸೊಂಟ ಎತ್ತಿ, ಪಕ್ಕಕ್ಕೆ ಹೊರಳಿ, ಮೊಣಕಾಲು ಒಳಗೆ ತೂರಿಸಿ, ಅವನಡಿಯಿಂದ ಜಾರಿ ಹೊರಗೆ ಬಂದಳು. ಕೂದಲೆಲ್ಲ ಕೆದರಿತ್ತು. ಮೆತ್ತೆಯ ಮೇಲೆ ಕೂತು ಏದುಸಿರು ಬಿಡುತ್ತ ನಗತೊಡಗಿದಳು. ಡಾಂಬರಿನ ಮೇಲೆ ಬಿದ್ದ ದಿನದಿಂದ ಅವಳು ಹಾಗೆ ನಕ್ಕಿರಲಿಲ್ಲ.

ದಾರಿಯಲ್ಲಿ ಬನ್ನಣ್ಣ "ಅಮ್ಮ, ನಂಗೆ ಇನ್ನೂ ಒಂಥರಾ ಆಗತ್ತೆ" ಎಂದ.

"ನಂಗೂ ಆಯ್ತು. ಸುಳ್ಳು ಯಾಕೆ ಹೇಳ್ಲಿ, ಪೂರ್ತಿ ಅರ್ಥಾನೂ ಆಗ್ಲಿಲ್ಲ" ಎಂದಳು ತಾಯಿ. "ಆದ್ರೆ ಅವಳು ತಟ್ಟಿದಾಗೆಲ್ಲ ಆ ಹುಡುಗ ಬಿಟ್ಟ. ಅದು ನನ್ನ ಕಣ್ಣಿಗೇ ಕಾಣ್ತು. ಅವಳು ಹೋಗ್ಲಿ. ನಿಂಗೆ ಒಂಥರಾ ಆದ್ರೆ ಅದನ್ನ ನೀನು ಬಾಯಿ ಬಿಟ್ಟು ಹೇಳ್ಕೋ. ಅವಳನ್ನ ಮನೇಲಿ ಕೂರಿಸಿ ಸರಿಮಾಡ್ಕೋಬೇಡ."

ಕೈ ವಾಸಿಯಾಯಿತು. ಬನ್ನಣ್ಣ ಮತ್ತೆ ಹಾಲಿಗೆ ಹೋದ. ಮೇಷ್ಟ್ರು ಯಾರ ಜೊತೆ ಜೋಡಿ ಬೇಕು ಎಂದು ಕೇಳಿದರು. ಅವನು ಡ್ರೈವರಕ್ಕನ ಕಡೆ ನೋಡಿದ. "ನಿಮಗೆ ಪರವಾಗಿಲ್ವಾ ಮೇಡಂ?" ಎಂದ. ಅವಳು ಪರವಾಗಿಲ್ಲ ಎಂದಳು. "ಬಲಗೈ ಪಟ್ಟು ಮಾತ್ರ ಸದ್ಯ ಬೇಡ" ಎಂದ. ಆಗಲಿ ಎಂದಳು. ಎಡಗೈಗೆ ಪಟ್ಟು ಹಾಕಿದಳು. ಸೊಂಟ ಇನ್ನೂ ಎತ್ತಿರಲಿಲ್ಲ, ಬನ್ನಣ್ಣ ಪಟಪಟನೆ ತಟ್ಟಿದ.

"ಇಷ್ಟು ಬೇಗಾನಾ?"

"ಬೆಳಗ್ಗೆ ಹಿಟ್ಟು ನಾದ್ಬೇಕು ಮೇಡಂ" ಎಂದ ಬನ್ನಣ್ಣ. ಬೆಂಚಿನ ಮೇಲಿದ್ದ ಟೈರ್ ಅಂಗಡಿಯವನು ಜೋರಾಗಿ ನಕ್ಕ. ಬನ್ನಣ್ಣನೂ ನಕ್ಕ.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಯಾರಾದರೂ ಜೂಡೋ, ಕುಸ್ತಿ ಕಲಿಯುವ ಆಸೆಪಟ್ಟಿರಬಹುದು. ಗಂಡಸರು ಹೆಂಗಸರು ಒಟ್ಟಿಗೆ ಕಲಿಯುತ್ತಾರೆ ಎಂದು ಕೇಳಿ ನಿಮಗೆ ಗಲಿಬಿಲಿಯಾಗಿರಬಹುದು. ಆಗುವುದು ಸಹಜ. ಗಲಿಬಿಲಿಯಾಯಿತೆಂದು ಬಾಗಿಲು ಹಾಕಬೇಡಿ, ಹೋಗಿ ನೋಡಿ. ಬಾಗಿಲು ತೆರೆದಿದೆಯೇ, ಮನೆಯವರು ಕೂತು ನೋಡಬಹುದೇ, ತಟ್ಟಿದರೆ ಬಿಡುತ್ತಾರೆಯೇ, ಜೋಡಿ ಬೇಡ ಎಂದರೆ ಬದಲಾಯಿಸುತ್ತಾರೆಯೇ, ದೂರು ಹೇಳಿದರೆ ಕಿವಿಗೊಡುತ್ತಾರೆಯೇ ಎಂದು ಕೇಳಿ. ಇಲ್ಲ ಎಂದರೆ ಬೇರೆ ಜಾಗ ಹುಡುಕಿ. ಕಲಿಯುವವರೇ, ಜೊತೆಯವರನ್ನು ಕೇಳಿ ಹಿಡಿಯಿರಿ. ನೋಯುವ ಮೊದಲೇ ತಟ್ಟಿ. ಎದುರಿಗಿರುವುದು ಗಂಡಸೋ ಹೆಂಗಸೋ ಎಂದು ನಿಮ್ಮ ಮೊಣಕೈ ನೋಡುವುದಿಲ್ಲ. ಯಾರದಾದರೂ ಕೈ ನಿಮಗೆ ಸರಿಕಾಣದಿದ್ದರೆ, ಅದು ತಪ್ಪೇ ಎಂದು ಖಾತ್ರಿಯಾಗುವ ತನಕ ಕಾಯಬೇಡಿ. ನಿಮ್ಮ ಹೆಂಡತಿಯೋ, ಗಂಡನೋ, ಮಗಳೋ, ಮಗನೋ ಬಂದು "ನನಗೆ ಗೊತ್ತಾಗ್ತಿಲ್ಲ" ಎಂದರೆ, ಬೈಯುವುದನ್ನೂ ಹೊಡೆಯಲು ಓಡುವುದನ್ನೂ ಬಿಟ್ಟು, ಪಕ್ಕದಲ್ಲಿ ಕೂತು, ಅವರು ಹೇಳಿ ಮುಗಿಸುವವರೆಗೆ ಕೇಳಿ.